ನಿಂಬೆ ಘಮ ಹೋಗಿದ್ದು ಒಣಗಿಸುವಾಗ

ಬರ್ಲಿನ್‌ನಲ್ಲಿ ಬೆಳೆದ ಇಂಡಿಕಾ ಗಾಂಜಾದ ನಿಂಬೆ ಘಮ, ಹೀಟರ್ ಪಕ್ಕ ಒಣಗಿಸಿದ ಮೇಲೆ ಹೋಯಿತು, ತಳಿಯೇ ಸರಿಯಿಲ್ಲವಾ ಎಂದು ಕೇಳಿದ್ದೀರಿ. ತಳಿಯನ್ನು ದೂರಬೇಡಿ. ಆ ಘಮದಲ್ಲಿ ಲಿಮೋನೀನ್ ಎಂಬ ಸುವಾಸನೆಯ ರಾಸಾಯನಿಕದ ಪಾಲು ದೊಡ್ಡದು, ಕಿತ್ತಳೆ ಸಿಪ್ಪೆಯಲ್ಲಿ ಇರುವುದೂ ಅದೇ. ಬಿಸಿ ತಾಗಿದರೆ ಬೇಗ ಹಾರಿಹೋಗುತ್ತದೆ. ಮುಂದಿನ ಸಲ ಕತ್ತಲೆ ಕೋಣೆಯಲ್ಲಿ, 18 ಡಿಗ್ರಿ ಆಸುಪಾಸಿನಲ್ಲಿ, ಸುಮಾರು 10 ದಿನ ನಿಧಾನವಾಗಿ ಒಣಗಲಿ. ಇಂಡಿಕಾ ಗುಣ ಜಾಸ್ತಿ ಇರುವ ಗಿಡ ಕುಳ್ಳ, ಎಲೆ ಅಗಲ, ಹೂವಿನ ಗೊಂಚಲು ತುಂಬಾ ದಟ್ಟ. ಹಾಗಾಗಿ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಕೋಣೆಯಲ್ಲಿ ಗಾಳಿ ಆಡುತ್ತಿರಲಿ, ಫ್ಯಾನ್ ಮಾತ್ರ ನೇರ ಹೂವಿಗೆ ಹಿಡಿಯಬೇಡಿ. ಇಂಡಿಕಾ ಅಂದರೆ ನಿದ್ದೆ ಬರಿಸುತ್ತೆ ಅನ್ನೋದನ್ನು ಸುಮ್ನೆ ನಂಬಬೇಡಿ, ಆ ಹೆಸರು ಗಿಡದ ಆಕಾರ ಹೇಳುತ್ತದೆ ಅಷ್ಟೇ. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರಿಗೆ ತಲಾ 3 ಗಿಡಕ್ಕೆ ಅನುಮತಿ ಇದೆ. ನಮ್ಮೂರಲ್ಲಿ ಒಂದು ಗಿಡ ಬೆಳೆದರೂ ಅಪರಾಧ, ನೆನಪಿರಲಿ.