ಎನ್‌ಎಫ್‌ಎಸ್ ನಿಂತರೆ ಮೊದಲು ನೆಟ್‌ವರ್ಕ್ ಕಡೆ ನೋಡಿ

ನೀವು ಹೇಳಿದ್ದು ಇಷ್ಟು ಅಲ್ವಾ: ಎನ್‌ಎಫ್‌ಎಸ್ ಮೌಂಟಿನಲ್ಲಿ (ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮ ಮಷೀನಿಗೆ ಜೋಡಿಸಿಕೊಂಡಿರುವುದು) ಫೋಲ್ಡರ್ ಪಟ್ಟಿ ಬರುತ್ತದೆ, ದೊಡ್ಡ ಫೈಲ್ ಕಾಪಿ ಮಾಡಿದರೆ ನಿಂತುಬಿಡುತ್ತದೆ. ಲಾಗ್‌ನಲ್ಲಿ ‘120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ’ ಅಂತ ಬರುತ್ತದೆ, ಆಮೇಲೆ ಮಷೀನ್ ರೀಬೂಟ್.

ಆ 120 ಸೆಕೆಂಡಿನ ಸಾಲು ಕ್ರ್ಯಾಶ್ ಅಲ್ಲ, ಬರೀ ಎಚ್ಚರಿಕೆ. ಹಾಗಾದರೆ ರೀಬೂಟ್ ಯಾಕೆ? ಸಿಸ್‌ಕಂಟ್ರೋಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೆಟ್ಟಿಂಗ್‌ಗಳಲ್ಲಿ, ‘ಹಂಗ್ ಟಾಸ್ಕ್ ಪ್ಯಾನಿಕ್’ 1 ಆಗಿದೆಯಾ ನೋಡಿ. ಇದ್ದರೆ ಕರ್ನಲ್ ಬೇಕೆಂದೇ ಪ್ಯಾನಿಕ್ ಆಗುತ್ತದೆ, ಅಂದರೆ ಎಲ್ಲ ಕೆಲಸ ನಿಲ್ಲಿಸಿಬಿಡುತ್ತದೆ; ರೀಬೂಟ್‌ಗೆ ಕಾರಣ ಅದೇ ಇರಬಹುದು. ಸದ್ಯಕ್ಕೆ 0 ಮಾಡಿ. ಮುಂದಿನ ಸಲ ನಿಂತಾಗ ರೂಟ್ ಆಗಿ ಸಿಸ್‌ರಿಕ್ವೆಸ್ಟ್ ಟ್ರಿಗರ್‌ಗೆ (ಕರ್ನಲ್‌ಗೆ ನೇರ ಆದೇಶ ಕೊಡುವ ಫೈಲ್) ಡಬ್ಲ್ಯೂ ಅಕ್ಷರ ಕಳಿಸಿ. ಸಿಕ್ಕಿಕೊಂಡ ಪ್ರೋಸೆಸ್‌ಗಳ ಸ್ಟ್ಯಾಕ್ (ಯಾವ ಹೆಜ್ಜೆಯಲ್ಲಿ ನಿಂತಿವೆ ಎಂಬ ಪಟ್ಟಿ) ಎಲ್ಲ ಲಾಗ್‌ಗೆ ಬೀಳುತ್ತದೆ. ಅಲ್ಲಿ ಆರ್‌ಪಿಸಿ (ಸರ್ವರ್‌ಗೆ ಕಳಿಸುವ ಕೋರಿಕೆ), ರೈಟ್‌ಬ್ಯಾಕ್ (ಮೆಮೊರಿಯಲ್ಲಿದ್ದದ್ದನ್ನು ಬರೆದು ಮುಗಿಸುವುದು) ಹೆಸರುಗಳೇ ಕಂಡರೆ ಕರ್ನಲ್ ಸರ್ವರ್‌ನ ಉತ್ತರಕ್ಕೆ ಕಾದು ಕೂತಿದೆ ಎಂದರ್ಥ.

ಚಿಕ್ಕದು ಹೋಗಿ ದೊಡ್ಡದು ನಿಲ್ಲುತ್ತದೆ ಎಂದಾಗ ನನಗೆ ಮೊದಲು ಅನುಮಾನ ಬರುವುದು ಎಂಟಿಯು ಮೇಲೆ, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿಯ ಮೇಲೆ. ಎರಡೂ ತುದಿಯಲ್ಲಿ 9000 ಇಟ್ಟು ನಡುವಿನ ಸ್ವಿಚ್‌ನಲ್ಲಿ 1500 ಬಿಟ್ಟಿದ್ದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಮಾಯ. ಪ್ಯಾಕೆಟ್ ಒಡೆಯದಂತೆ 8972 ಬೈಟ್‌ನ ಪಿಂಗ್ ಕಳಿಸಿ. ಹೆಡರ್‌ಗಳ 28 ಸೇರಿದರೆ ಸರಿಯಾಗಿ 9000. ಅದು ಹೋಗದೆ 1472 ಹೋದರೆ ಕಳ್ಳ ಸಿಕ್ಕಿದ. ಎಲ್ಲ ಕಡೆ 1500 ಮಾಡಿ ಮತ್ತೆ ಕಾಪಿ ಮಾಡಿ ನೋಡಿ.

ಮೌಂಟ್ ಆಯ್ಕೆಗಳಲ್ಲಿ ಹಾರ್ಡ್ ಬದಲು ‘ಸಾಫ್ಟ್ ಹಾಕಿಬಿಡಿ’ ಎಂದು ಇದೇ ಚರ್ಚೆಯಲ್ಲಿ ಒಬ್ಬರು ಹೇಳಿದ್ದಾರೆ. ಬರೆಯುವ ಮೌಂಟ್‌ಗೆ ದಯವಿಟ್ಟು ಬೇಡ. ಸರ್ವರ್ ಉತ್ತರಿಸದಿದ್ದರೆ ಹಾರ್ಡ್‌ನಲ್ಲಿ ಕಾಯುತ್ತದೆ, ಸಾಫ್ಟ್‌ನಲ್ಲಿ ಕೈಬಿಟ್ಟು ಎರರ್ ಕೊಡುತ್ತದೆ. ಆ ಎರರ್ ಗಮನಿಸದ ಪ್ರೋಗ್ರಾಂ ಇದ್ದರೆ ಫೈಲ್ ಅರ್ಧಂಬರ್ಧ. ಜೊತೆಗೆ ಟೈಮ್‌ಔಟ್ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ನಾನೂ ಒಮ್ಮೆ ಅರ್ಧ ನಿಮಿಷ ಅಂದುಕೊಂಡು 30 ಬರೆದಿದ್ದೆ. ಅದು ಬರೀ 3 ಸೆಕೆಂಡ್! ಬ್ಯಾಕಪ್ ರಾತ್ರಿಯಿಡೀ ಎರರ್ ಕಾರಿತ್ತು.

ನಿಧಾನದ ಮಾತು ಬೇರೆ. ಚಿಕ್ಕ ಫೈಲ್‌ಗಳು ಸಾವಿರಾರು ಇದ್ದರೆ, ಸರ್ವರ್ ಸಿಂಕ್ ಎಂಬ ಸೆಟ್ಟಿಂಗ್‌ನಲ್ಲಿ ಪ್ರತಿಯೊಂದನ್ನೂ ಡಿಸ್ಕ್‌ಗೆ ಇಳಿಸಿದ ಮೇಲೇ ‘ಆಯ್ತು’ ಅನ್ನುತ್ತದೆ. ಎಸಿಂಕ್ (ಡಿಸ್ಕ್‌ಗೆ ಇಳಿಯುವ ಮೊದಲೇ ‘ಆಯ್ತು’ ಅನ್ನುವುದು) ಮಾಡಿದರೆ ಓಡುತ್ತದೆ, ಆದರೆ ಸರ್ವರ್‌ಗೆ ಕರೆಂಟ್ ಹೋದರೆ ಆಯ್ತು ಅಂದಿದ್ದೂ ಹೋಗಬಹುದು. ನಾನಾದರೆ ಎಲ್ಲ ಸೇರಿಸಿ ಒಂದೇ ಟಾರ್ ಫೈಲ್ ಮಾಡಿ ಕಳಿಸುತ್ತೇನೆ. ಕರ್ನಲ್ 5.3 ಅಥವಾ ಅದಕ್ಕಿಂತ ಹೊಸದಿದ್ದರೆ ಎನ್‌ಕನೆಕ್ಟ್ (ಸರ್ವರ್‌ಗೆ ಎಷ್ಟು ಸಂಪರ್ಕ ಎಂಬ ಮೌಂಟ್ ಆಯ್ಕೆ) 4 ಇಟ್ಟು ನೋಡಬಹುದು, ಆದರೆ ಎಂಟಿಯು ಸರಿಯಾದ ಮೇಲೆ.

ಪಿಂಗ್ ಏನಾಯ್ತು ಅಂತ ಇಲ್ಲೇ ಹಾಕಿ, ಆ ಸ್ಟ್ಯಾಕ್ ಜೊತೆಗೆ.