ಮಾರ್ಚ್‌ನಲ್ಲಿ ವಲಸೆ ಹಕ್ಕಿಗಳನ್ನು ನೋಡಲು ಮಾಗಡಿ ಕೆರೆಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು?

ಸೂರ್ಯೋದಯಕ್ಕೆ ಮೊದಲೇ ದಂಡೆ ತಲುಪಿ. ಅದೂ ತಿಂಗಳ ಮೊದಲ ವಾರದಲ್ಲೇ ಹೋಗುವುದು ಒಳ್ಳೆಯದು, ಏಕೆಂದರೆ ಬೇಸಿಗೆ ಬಲಿತಂತೆ ಹಿಂಡುಗಳು ಉತ್ತರಕ್ಕೆ ಹೊರಟುಬಿಡುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ಸಮೀಪದ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಪಟ್ಟೆತಲೆ ಹೆಬ್ಬಾತುಗಳಿಂದಲೇ ಅದು ಹೆಸರಾಗಿದೆ.

ಸುತ್ತಲಿನ ಹೊಲಗಳಲ್ಲಿ ಮೇದ ಹೆಬ್ಬಾತುಗಳು ಬೆಳಗಿನ ಹೊತ್ತು ಸಾಲುಗಟ್ಟಿ ಕೆರೆಗೆ ಮರಳುವಾಗ ಮೊದಲು ಅವುಗಳ ಕೂಗು ಕೇಳಿಸುತ್ತದೆ. ನೀರಿಗಿಳಿದ ಮೇಲೆ ದುರ್ಬೀನಿನಲ್ಲಿ ಬಿಳಿ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳನ್ನೂ ತುದಿ ಮಾತ್ರ ಕಪ್ಪಾದ ಹಳದಿ ಕೊಕ್ಕನ್ನೂ ಸ್ಪಷ್ಟವಾಗಿ ನೋಡಬಹುದು. ಮಂಗೋಲಿಯಾ, ಟಿಬೆಟ್ ಕಡೆಯ ತಮ್ಮ ಗೂಡುತಾಣಗಳಿಗೆ ಮರಳಲು ಇವು ಹಿಮಾಲಯವನ್ನೇ ದಾಟಬೇಕು. 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ ದಾಖಲೆಗಳಿವೆ. ಆಮ್ಲಜನಕವನ್ನು ಇತರ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅಲ್ಲಿ ನೆರವಾಗುತ್ತದೆ. ಇಂಥ ಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗಳನ್ನು ಫೋಟೊಗಾಗಿ ಎಬ್ಬಿಸುವುದು ದಯವಿಟ್ಟು ಬೇಡ.

ಕೆಸರಿನ ಅಂಚನ್ನೂ ಗಮನಿಸಿ: ಬಾಲ ಕುಣಿಸುವ ಪುಟ್ಟ ಹಕ್ಕಿಗಳಾದ ಹಳದಿ ಸಿಪಿಲೆಗಳಲ್ಲಿ, ಚಳಿಗಾಲವಿಡೀ ಮಂಕಾಗಿದ್ದ ಗಂಡುಗಳ ಎದೆ ಈಗ ಅಚ್ಚ ಹಳದಿಗೆ ತಿರುಗುತ್ತಿರುತ್ತದೆ.