ಬೂದಿ ದಿಬ್ಬ ಕೆದಕಿದರೆ ಹಳೇ ಕಾಲದ ಮಳೆ ಗೊತ್ತಾಗುತ್ತಾ?

ಪ್ರಶ್ನೆ: ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ ಒಂದು ಬೂದಿ ದಿಬ್ಬ ಇದೆ. ರಾಕ್ಷಸನನ್ನು ಸುಟ್ಟ ಬೂದಿ ಅದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದು ಸಗಣಿ ಬೂದಿ, ನಾಲ್ಕೈದು ಸಾವಿರ ವರ್ಷ ಹಳೆಯದು ಅಂತ ಈಗ ಓದಿದೆ. ಹೇಗೆ ಗೊತ್ತಾಯಿತು? ಆಗ ಇಲ್ಲಿ ಮಳೆ ಹೇಗಿತ್ತು, ಏನು ಬೆಳೆಯುತ್ತಿತ್ತು ಅನ್ನೋದನ್ನೂ ಹೇಳಬಹುದಾ, ಇಲ್ಲಾ ಎಲ್ಲಾ ಸುಮ್ನೆ ಊಹೆನಾ?
– ಓದುಗರೊಬ್ಬರು, ಸಂಡೂರು

ಉತ್ತರ: ಊಹೆ ಖಂಡಿತ ಅಲ್ಲ. ಆದರೆ ಬೂದಿ ಒಂದೇ ಎಲ್ಲಾ ಹೇಳುವುದಿಲ್ಲ.

ಮೊದಲು ಸಗಣಿ ವಿಷಯ. ಹುಲ್ಲಿನ ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ (ಮರಳಿನಲ್ಲಿರುವ ವಸ್ತುವೇ) ಕಣಗಳಿರುತ್ತವೆ. ದನ ಮೇದರೂ ಅವು ಜೀರ್ಣವಾಗುವುದಿಲ್ಲ, ಸಗಣಿಯಲ್ಲಿ ಹಾಗೇ ಹೊರಬರುತ್ತವೆ, ಸಗಣಿ ಸುಟ್ಟರೂ ಬೂದಿಯಲ್ಲಿ ಉಳಿಯುತ್ತವೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಅವುಗಳ ಆಕಾರದಿಂದಲೇ ಇದು ಹುಲ್ಲಿನದು ಅಂತ ಗುರುತಿಸಬಹುದು. ಬೆಂಕಿ ತುಂಬಾ ಜೋರಾಗಿದ್ದ ಕಡೆ ಇದೇ ಸಿಲಿಕಾ ಕರಗಿ ಗಾಜಿನಂಥ, ತೂತು ತೂತಾದ ಕಿಟ್ಟವಾಗುತ್ತದೆ. ಇದು ಸಗಣಿ ಇರಬೇಕು ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರು. 1960ರಲ್ಲಿ ಝೊಯ್ನರ್ ಅನ್ನುವ ವಿಜ್ಞಾನಿ ಬೂದಿಯನ್ನು ಪರೀಕ್ಷೆ ಮಾಡಿ ಅದನ್ನೇ ಖಚಿತಪಡಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪುರಾವೆ ಮಾತ್ರ ಇವತ್ತಿನ ತೆಲಂಗಾಣದ ಉಟ್ನೂರಿನದು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಲ್ಲಿನ ಬೂದಿ ದಿಬ್ಬ ಅಗೆದಾಗ ಕಂಬ ನೆಟ್ಟ ಗುಂಡಿಗಳ ಸಾಲು ಸಿಕ್ಕಿತು, ಜೊತೆಗೆ ದನಗಳ ಗೊರಸಿನ ಗುರುತೂ ಸಿಕ್ಕಿತು. ಅಂದರೆ ಅದು ದೊಡ್ಡಿ. ಸಾವಿರಾರು ವರ್ಷಗಳ ಹಿಂದೆ ಒಂದು ದನ ಎಲ್ಲಿ ಕಾಲಿಟ್ಟಿತ್ತು ಅನ್ನೋದನ್ನು ಇವತ್ತು ಬೆರಳಿಟ್ಟು ತೋರಿಸಬಹುದು ಅಂದರೆ ಸಾಮಾನ್ಯ ಮಾತಾ?

ವಯಸ್ಸು ತಿಳಿಯುವುದು ಇದ್ದಿಲು ಮತ್ತು ಸುಟ್ಟ ಕಾಳಿನಿಂದ. ಅದರಲ್ಲಿರುವ ಕಾರ್ಬನ್-14 ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ, ಉಳಿದದ್ದನ್ನು ಅಳೆದು ಲೆಕ್ಕ ಹಾಕುತ್ತಾರೆ.

ಇನ್ನು ಬೆಳೆ. ಬೂದಿ ದಿಬ್ಬಗಳ ಕಾಲದ ಜನ ನೆಲೆಸಿದ್ದ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ತಳಕ್ಕೆ ಕೂರುತ್ತದೆ, ಕರಿದಾದ ಕಾಳು ತೇಲುತ್ತದೆ. ಹಾಗೆ ತೇಲಿ ಬಂದದ್ದು ಹುರುಳಿ, ಹೆಸರು, ಕೊರಲೆ. ಎಲ್ಲಾ ಕಡಿಮೆ ಮಳೆಯಲ್ಲೂ ಕೈಕೊಡದ ಬೆಳೆಗಳು, ಈಗಲೂ ನಮ್ಮ ಬಯಲುಸೀಮೆಯವು. ಇಲ್ಲಿ ಒಂದು ಎಚ್ಚರ ಬೇಕು: ಒಲೆ ಹತ್ತಿರ ಸಿಕ್ಕ ಕಾಳು ಜನ ಏನು ತಿಂದರು ಅಂತ ಹೇಳುತ್ತದೆಯೇ ಹೊರತು ಸುತ್ತ ಏನೇನು ಬೆಳೆದಿತ್ತು ಅಂತಲ್ಲ. ದಿಬ್ಬದ ಬೂದಿಯಲ್ಲಿ ಹುಲ್ಲು ತುಂಬಿದ್ದರೂ ಅಷ್ಟೇ, ದನ ಮೇದದ್ದು ಹುಲ್ಲನ್ನೇ ಅಲ್ವಾ? ಪಕ್ಕದಲ್ಲೇ ಕಾಡಿದ್ದರೂ ಇರಬಹುದು.

ಅದಕ್ಕೇ ಮನುಷ್ಯನ ಕೈ ತಾಗದ ಜಾಗವನ್ನೂ ನೋಡಬೇಕು. ನೀಲಗಿರಿಯ ಜೌಗು ತಗ್ಗುಗಳಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಆ ಪದರಗಳ ಕಾರ್ಬನ್ ಅಳೆದು ಫಲಿತಾಂಶ ಪ್ರಕಟಿಸಿದರು. ಒಣಹವೆಗೆ ಒಗ್ಗಿದ ಹುಲ್ಲುಗಳಲ್ಲಿ ತೂಕದ ಕಾರ್ಬನ್, ಅಂದರೆ ಕಾರ್ಬನ್-13, ಸ್ವಲ್ಪ ಜಾಸ್ತಿ ಇರುತ್ತದೆ, ಮರಗಿಡಗಳಲ್ಲಿ ಕಡಿಮೆ. ಆ ಲೆಕ್ಕದಲ್ಲಿ ಸುಮಾರು 20 ಸಾವಿರ ವರ್ಷಗಳ ಹಿಂದೆ ಒಣಕಾಲ, 11 ಸಾವಿರದ ಹೊತ್ತಿಗೆ ಒಳ್ಳೇ ಮಳೆ, ಮತ್ತೆ 6 ಸಾವಿರದಿಂದ 3,500 ವರ್ಷಗಳ ಹಿಂದಿನವರೆಗೆ ಒಣಕಾಲ.

ಬೂದಿ ದಿಬ್ಬಗಳ ಕಾಲ ಬಹುಪಾಲು ಈ ಕೊನೆಯ ಒಣಕಾಲದೊಳಗೇ ಬೀಳುತ್ತದೆ. ಮಳೆ ಕಮ್ಮಿಯಾಯಿತು, ಜನ ದನ ಸಾಕಿದರು ಅಂತ ಎರಡನ್ನೂ ಗಂಟು ಹಾಕಲು ಆಸೆಯಾಗುತ್ತದೆ. ನಾನು ಹಾಕುವುದಿಲ್ಲ. ನೀಲಗಿರಿಗೆ ಮಳೆ ಬರುವ ರೀತಿಯೇ ಬೇರೆ, ಬಳ್ಳಾರಿಯದೇ ಬೇರೆ. ಬಳ್ಳಾರಿ ಮಾತನ್ನು ಬಳ್ಳಾರಿ ಮಣ್ಣೇ ಹೇಳಬೇಕು.

ಆ ಮಣ್ಣು ಉಳಿಯಬೇಕಲ್ಲ! ಎಷ್ಟೋ ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಗಾಡಿ ತುಂಬಿ ಒಯ್ದಿದ್ದಾರೆ, ಸಂಗನಕಲ್ಲು ಸುತ್ತಿನ ಗುಡ್ಡಗಳಿಗೆ ಕಲ್ಲು ಗಣಿಯ ಏಟು ಬಿದ್ದಿದೆ. ಪದರ ಕಲಸಿಹೋದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಕುಡತಿನಿಗೆ ಹೋದಾಗ ದಯವಿಟ್ಟು ಕಿಟ್ಟದ ಒಂದು ತುಂಡನ್ನೂ ಎತ್ತಿಕೊಳ್ಳಬೇಡಿ. ಬಳ್ಳಾರಿಯಲ್ಲಿ ಫೂಟ್ ಹೆಸರಿನದೇ ವಸ್ತುಸಂಗ್ರಹಾಲಯ ಇದೆ, ಅಲ್ಲಿಗೂ ಹೋಗಿ ಬನ್ನಿ.